ಆಡಿಗೆ ಹಾಕಿದ ಸರಹದ್ದು

ರಾಜ್ಯಗಳ ಗಡಿ ಗೊತ್ತುಮಾಡಲು ದಿಲ್ಲಿಯಲ್ಲಿ ದೊಡ್ಡ ದೊಡ್ಡವರು ಕೂತು, ನಕಾಶೆ ಹರಡಿ, ಊರೂರಿನ ಜನರನ್ನು ಕರೆಸಿ ಕೇಳಿ, ಸಾಕಷ್ಟು ಚಹಾ ಕುಡಿದು, ಕಡೆಗೆ ಕಾಗದದ ಮೇಲೆ ಒಂದು ಗೆರೆ ಎಳೆದರು. ಚಿಂಚನಾಳದ ಮನ್ಮಥಪ್ಪ ಅದೇ ಕೆಲಸವನ್ನು, ಹೆಂಡತಿಯ ಹಳೆಯ ಕೆಂಪು ಸೀರೆ ಹರಿದು, ಮೂರು ಆಡುಗಳ ಸಲುವಾಗಿ, ನೆಲದ ಮೇಲೆಯೇ ಮಾಡಿ ಮುಗಿಸಿದ. ಅವನಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಹಾಗೆ ನೋಡಿದರೆ ತಾನು ಅಂಥದೊಂದು ಕೆಲಸ ಮಾಡುತ್ತಿದ್ದೇನೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ನಿಲಂಗಾ ತಾಲೂಕಿನ ಚಿಂಚನಾಳ ಆ ಸಲದ ವಾಟಣಿಯಲ್ಲಿ, ಅಂದರೆ ರಾಜ್ಯಗಳ ಹಂಚಿಕೆಯಲ್ಲಿ, ಮುಂಬಯಿ ರಾಜ್ಯಕ್ಕೆ ಹೋಗಿತ್ತು. ಕೂಗಿದರೆ ಕೇಳುವಷ್ಟು ದೂರದ ಹುಣಸನಾಳ, ಬೀದರ ಜಿಲ್ಲೆಯ ಸಂಗಡ ಮೈಸೂರು ರಾಜ್ಯಕ್ಕೆ ಹೋಗಿತ್ತು. ಹೋಯಿತು ಎಂದರೆ ಊರಿನವರು ಯಾರೂ ಎಲ್ಲಿಗೂ ಹೋಗಲಿಲ್ಲ. ಅವರು ಕೂತ ಕಟ್ಟೆಯ ಮೇಲೆಯೇ ಕೂತಿದ್ದರು. ರಾಜ್ಯಗಳೇ ಅತ್ತಿತ್ತ ಸರಿದಾಡಿದವು. ಎರಡೂ ಊರಿನ ನಡುವೆ ಇದ್ದದ್ದು ಮನ್ಮಥಪ್ಪನ ಹುಲ್ಲಿನ ಬೀಳು, ಅದಕ್ಕೆ ಹತ್ತಿಕೊಂಡೇ ಹುಣಸನಾಳದ ಗುರುಲಿಂಗಪ್ಪನ ತೊಗರಿ ಹೊಲ, ಎರಡಕ್ಕೂ ಸೇರಿದ್ದೊಂದು ಬದು. ಬದುವಿನ ಮೇಲಿನ ಹುಲ್ಲನ್ನು ಒಂದು ವರ್ಷ ಇವರು ಕೊಯ್ಯಬೇಕು, ಮರುವರ್ಷ ಅವರು. ಅಜ್ಜಂದಿರು ಹಾಕಿಕೊಟ್ಟ ಈ ವಾಡಿಕೆ ನಿಜಾಮನ ಕಾಲದಲ್ಲಿಯೂ, ಪೊಲೀಸ್ ಆ್ಯಕ್ಷನ್ ಆದಾಗಲೂ ಒಂದು ಕಡ್ಡಿಯಷ್ಟೂ ಅಲುಗಿರಲಿಲ್ಲ.

ಆಡು ಬಂದದ್ದು ಉದಗೀರದ ದನಗಳ ಪ್ರದರ್ಶನದ ಕಾರಣದಿಂದ. ಅಲ್ಲಿ ಪಾಟ್ಲೂನು ತೊಟ್ಟ ಡಾಕ್ಟರರೊಬ್ಬರು ಮೇಜಿನ ಮೇಲೆ ಹತ್ತಿ ನಿಂತು, ಸುಧಾರಿಸಿದ ರೈತ ಆಡು ಸಾಕುತ್ತಾನೆ, ಕಡಿಮೆ ಮೇವು, ಗಟ್ಟಿ ಹಾಲು ಎಂದು ಭಾಷಣ ಮಾಡಿದರು. ಮನ್ಮಥಪ್ಪನಿಗೆ ಹಾಲು ಬೇಕಿರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ ಹಿಂಡುತ್ತಿದ್ದವು. ಬೇಕಾದದ್ದು ‘ಸುಧಾರಿಸಿದ’ ಎಂಬ ಆ ಒಂದು ವಿಶೇಷಣ. ಬರುವಾಗ ಮೂರು ಕರೀ ಆಡು ಹೊಡೆದುಕೊಂಡು ಬಂದ.

ಬಾಗಿಲಲ್ಲಿ ಹೆಂಡತಿ ಶೇವಂತಾಬಾಯಿ ನಿಂತಿದ್ದಳು.

“ಯಾರವ್ರೀ ಇವು?”

“ನಮ್ಮವೇ.”

“ಶಿವಶಿವಾ! ಲಿಂಗವಂತರ ಮನ್ಯಾಗ ಆಡಾ? ಅಯ್ಯನವರು ಭಿಕ್ಷಾಕ್ಕ ಬಂದ್ರ ಅವ್ರ ಜೋಳಗಿ ತಿಂದಾವು.”

“ಸುಧಾರಿಸಿದ ಆಡು ಜೋಳಗಿ ತಿನ್ನಾಂಗಿಲ್ಲ.”

ಮುಂದಿನ ಸೋಮವಾರ ಅಯ್ಯನವರು ಬಂದರು. ಜೋಳಿಗೆಯ ಒಂದು ಕಿವಿ ಹೋಯಿತು. ಮೂರರಲ್ಲಿ ಹಿರಿಯದು, ಕತ್ತೆತ್ತಿ ಯಾರಿಗೂ ದಾರಿ ಬಿಡದೆ ನಡೆಯುವಂಥದು, ಅದಕ್ಕೆ ಶೇವಂತಾಬಾಯಿ ಅವತ್ತೇ ‘ಬೇಗಂ’ ಎಂದು ಹೆಸರಿಟ್ಟಳು.

ಬೇಗಮ್ಮಳಿಗೆ ಬೀಳಿನ ಹುಲ್ಲು ರುಚಿಸಲಿಲ್ಲ. ಬದು ದಾಟಿ ಗುರುಲಿಂಗಪ್ಪನ ತೊಗರಿಯೊಳಗೆ ಹೋಗುವಳು, ಉಳಿದೆರಡು ಹಿಂದೆ ಹೋಗುವವು. ಗುರುಲಿಂಗಪ್ಪ ಬರೇ ಬಾಜೂ ಹೊಲದವನಾಗಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಅವನ ಮಗ ವೀರಭದ್ರನಿಗೆ ಮನ್ಮಥಪ್ಪನ ಒಬ್ಬಳೇ ಮಗಳು ಕಸ್ತೂರಬಾಯಿಯನ್ನು ಕೊಡುವ ಮಾತಾಗಿತ್ತು. ದೀವಳಿಗೆ ಆದ ಮೇಲೆ ಸಾಖರಪುಡಾ, ಅಂದರೆ ಸಕ್ಕರೆ ಹಂಚಿ ನಿಶ್ಚಯ ಮಾಡಿಕೊಳ್ಳುವುದು. ಹುಡುಗಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಆಕೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹುಣಸನಾಳದ ಕಡೆಯ ಬಾವಿಯಿಂದಲೇ ನೀರು ತರುತ್ತೇನೆ ಎಂದು ಹಟ ಹಿಡಿದ ಮೇಲೆ ಹೇಳುವುದೇನು ಉಳಿಯಿತು?

ಬೀಗನಾಗುವವ ಬೈಯುವಂತಿಲ್ಲ. ಆದ್ದರಿಂದ ಗುರುಲಿಂಗಪ್ಪ ರುಮಾಲು ಸುತ್ತಿಕೊಂಡು ಬಂದು ಮರ್ಯಾದೆಯಿಂದ ಹೇಳಿದ:

“ಬೀಗರೇ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಆಡು ಇನ್ನೊಮ್ಮಿ ನನ್ನ ತೊಗರ್ಯಾಗ ಕಂಡ್ರ ಸಾಖರಪುಡಾದ ಮಾತು ನೀವೂ ಆಡಬ್ಯಾಡ್ರಿ, ನಾನೂ ಆಡಾಂಗಿಲ್ಲ.”

ಇಷ್ಟು ಹೇಳಿ, ಚಹಾ ಕುಡಿದು, ಎಲೆಅಡಿಕೆ ಹಾಕಿಕೊಂಡು ಹೋದ. ಅವನು ಹಿತ್ತಲು ದಾಟುವುದರೊಳಗೆ ಮನೆಯಲ್ಲಿ ಬೇಲಿಯ ವಿಚಾರ ಸುರುವಾಯಿತು.

“ಜಾಲಿ ಕಡದು ಮುಳ್ಳು ಒಟ್ಟ್ರಿ,” ಎಂದಳು ಶೇವಂತಾಬಾಯಿ. “ಇಲ್ಲಾಂದ್ರ ಆಡು ಮಾರ್ರಿ. ಮಾರೋದು ಇನ್ನೂ ಚೊಲೋ.”

“ಜಾಲಿ ಮುಳ್ಳು ನಮ್ಮಪ್ಪಾ ಒಟ್ಟಿದ್ದಾ. ಅವರಪ್ಪಾನೂ ಒಟ್ಟಿದ್ದಾ. ಅದರಾಗ ಸುಧಾರಣಿ ಎಲ್ಲಿ ಬಂತು?”

ಕಟ್ಟೆಯ ಮೇಲೆ ಈ ವಿಷಯ ಇಟ್ಟಾಗ ಊರಿಗೆ ಊರೇ ಬೇಲಿ ಪಂಡಿತರಿಂದ ತುಂಬಿದೆ ಎಂಬುದು ಗೊತ್ತಾಯಿತು. ಒಬ್ಬ ಕಳ್ಳಿ ಹಚ್ಚು ಎಂದ. ಅದು ಬೆಳೆಯುವುದರೊಳಗೆ ಕಸ್ತೂರಬಾಯಿಗೆ ಮೊಮ್ಮಕ್ಕಳಾಗುತ್ತಿದ್ದವು. ಒಬ್ಬ ಕಲ್ಲಿನ ಗೋಡೆ ಎಂದ. ಆಡು ಗೋಡೆಯನ್ನು ಮೆಟ್ಟಿಲು ಎಂದು ತಿಳಿಯುತ್ತದೆ ಎಂದು ಮತ್ತೊಬ್ಬ ಹೇಳಿದ. ಇನ್ನೊಬ್ಬ, ಸುತ್ತಲೂ ಕುಸುಬಿ ಬಿತ್ತು, ಮುಳ್ಳಿಗೆ ದನ ಹಾಯುವುದಿಲ್ಲ ಎಂದ. ಹೌದು, ದನ ಹಾಯುವುದಿಲ್ಲ. ಆದರೆ ಎಳೇ ಕುಸುಬಿ ಕಂಡರೆ ಆಡು ಹಬ್ಬ ಮಾಡುತ್ತದೆ. ಮನ್ಮಥಪ್ಪ ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿದ. ಕೇಳಿದ್ದು ಯಾಕೆಂದರೆ, ಉದಗೀರದ ಸರಕಾರಿ ಫಾರ್ಮಿನ ಸುತ್ತ ಕಂಡ ಮುಳ್ಳುತಂತಿಯನ್ನು ಆತ ಆಗಲೇ ಮನಸ್ಸಿನಲ್ಲಿ ಎಳೆದು ಮುಗಿಸಿದ್ದ.

ಉದಗೀರದ ಪೇಟೆಯಲ್ಲಿ ಸೂರ್ಯಕಾಂತ ಶೆಟ್ಟರ ಅಂಗಡಿ. ಕಬ್ಬಿಣ, ಹಗ್ಗ, ಬಕೆಟ್ಟು, ಬೆಲ್ಲ ಎಲ್ಲವೂ ಸಿಗುವ ಜಾಗ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಹರಾಜಿನಲ್ಲಿ ಹಿಡಿದ ಮಿಲ್ಟ್ರಿ ತಂತಿಯ ಸುರುಳಿಗಳು ಹಿಂದಿನ ಕೋಣೆಯಲ್ಲಿ ತುಕ್ಕು ಹಿಡಿಯುತ್ತ, ಇಂಥ ಒಬ್ಬ ಗಿರಾಕಿಗಾಗಿ ಕಾಯುತ್ತ ಕೂತಿದ್ದವು.

“ಶರಣ್ರೀ ಮನ್ಮಥಪ್ಪನವ್ರೇ. ತಾರಾ? ಅದ. ಯಾವ ಜನಾವರಕ್ಕ?”

ಗಾದಿಯ ಮೇಲೆ ವಿಭೂತಿ ಬಡಿದುಕೊಂಡ ನಾಲ್ವರು ಹಿರಿಯರು ಕೂತಿದ್ದರು. ಮೂವರು ದೂರದ ನಂಟರು. ‘ಆಡಿಗೆ’ ಎಂಬ ಮಾತು ಮನ್ಮಥಪ್ಪನ ತುಟಿಯ ತನಕ ಬಂದು, ಹಿರಿಯರನ್ನು ನೋಡಿ, ಒಳಗೆ ಹೋಯಿತು.

“ಜನಾವರಕ್ಕ,” ಎಂದ.

“ಎತ್ತೋ ಎಮ್ಮಿಯೋ?”

“ಅವೇ. ಅಂಥವೇ.”

“ದೊಡ್ಡವಾ?”

“ಹಾಂ... ತಮ್ಮ ಲೆಕ್ಕಕ್ಕ ದೊಡ್ಡವೇ.”

“ಹಂಗಿದ್ರ ಬರೋಬರ್ ಕೇಳ್ರಿ,” ಎಂದ ಸೂರ್ಯಕಾಂತ ಶೆಟ್ಟಿ. “ಕೆಳಗಿನ ತಾರು ಮೊಣಕಾಲಿಗಿ ಬರಲಿ, ಮ್ಯಾಲಿಂದು ಎದಿಗಿ, ನಡುವ ಒಂದು. ಎಂಥಾ ಹೋರಿ ಬಂದ್ರೂ ದಾಟಾಂಗಿಲ್ಲ. ನನ್ನ ಜಬಾಬ್ದಾರಿ.”

ಮನ್ಮಥಪ್ಪ ಆ ಅಳತೆಯನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡು ಬಂದ. ಹೋರಿಯ ಮಟ್ಟಿಗೆ ಅದು ಸರಿಯಾದ ಮಂತ್ರವೇ.

ಬೇಲಿಯ ಗೆರೆ ನೆಟ್ಟಗೆ ಬರಬೇಕೆಂದು ಆತ ಶೇವಂತಾಬಾಯಿಯ ಕೆಂಪು ಸೀರೆ ಹರಿದು, ಕಟ್ಟಿಗೆಗೆ ಕಟ್ಟಿ, ಬದುವಿನುದ್ದಕ್ಕೂ ಬಾವುಟ ನೆಟ್ಟ. ಒಂದು ಕಡೆಯಿಂದ ಹಗ್ಗ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಬದು ಅಜ್ಜಂದಿರಂತೆ ಸೊಟ್ಟಗಿತ್ತು. ಗೆರೆ ಮಾತ್ರ ಸರಕಾರಿ ಫಾರ್ಮಿನಂತೆ ನೆಟ್ಟಗಾಗಬೇಕು. ಆದ್ದರಿಂದ ಕಂಬದ ಕಲ್ಲುಗಳನ್ನು ಬದುವಿನ ಆಚೆಯ ಅಂಚಿಗೆ ನಿಲ್ಲಿಸಿದ. ನಿಲ್ಲಿಸಿ, ಚೆಂದ ಕಾಣಲಿ ಎಂದು ಸುಣ್ಣ ಬಳಿದ. ಬದುವಿನ ಮೇಲಿನ ಹುಲ್ಲಷ್ಟೂ ತಂತಿಯ ಒಳಗಾಯಿತು. ಇದು ಆತನ ಲಕ್ಷ್ಯಕ್ಕೆ ಬರಲಿಲ್ಲ. ಲಕ್ಷ್ಯವೆಲ್ಲ ಸುಣ್ಣದ ಮೇಲಿತ್ತು.

ಆ ಹೊತ್ತಿಗೆ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಮಾಳಮ್ಮ ಬಂದಳು. ಮಾಳಮ್ಮನ ಮಗಳನ್ನು ಹುಣಸನಾಳಕ್ಕೆ ಕೊಟ್ಟಿತ್ತು. ಹಾಗಾಗಿ ಮಾಳಮ್ಮ ದಿನವೂ ಎರಡು ಊರಿನ ನಡುವೆ ಓಡಾಡುವಳು, ಆಕೆಯ ಸಂಗಡ ಸುದ್ದಿಯೂ.

“ಏನ್ರೀ ಸಾಹುಕಾರ್ರೇ, ಏನ ನಡಸೀರಿ?”

“ಮುಟ್ಟಬ್ಯಾಡ. ಮಿಲ್ಟ್ರಿ ತಾರು ಅದ,” ಎಂದ ಮನ್ಮಥಪ್ಪ, ಹಗ್ಗದಿಂದ ಕಣ್ಣು ತೆಗೆಯದೆ.

ಮಾಳಮ್ಮ ನೋಡಿದಳು. ಕೆಂಪು ಬಾವುಟ. ಬಿಳೀ ಕಲ್ಲು. ಮಿಲ್ಟ್ರಿ ತಾರು. ಅತ್ತ ಮೈಸೂರು, ಇತ್ತ ಮುಂಬಯಿ. ಇನ್ನು ಯಾರನ್ನು ಏನು ಕೇಳುವುದು? ಹೊರೆ ಅಲ್ಲಿಯೇ ಒಗೆದು, “ಅಯ್ಯೋ ನನ ಮಗಳು ಪರದೇಶದಾಗ ಉಳದಳಲ್ಲೋ!” ಎಂದು ಊರ ಕಡೆ ಓಡಿದಳು.

ಹೊತ್ತು ಮುಳುಗುವುದರೊಳಗೆ ಎರಡೂ ಊರಿನಲ್ಲಿ ಸುದ್ದಿ ತಯಾರಾಗಿತ್ತು. ಸರಕಾರ ಸರಹದ್ದಿಗೆ ತಾರು ಎಳೆಯುತ್ತಿದೆ. ಔರಾದ ಶಹಾಜನಿಯ ಸಂತೆಗೆ ಹೋಗಲು ಪರವಾನಗಿ ಬೇಕು. ಬಾಣಂತನಕ್ಕೆ ತವರಿಗೆ ಬರುವವರು ಮೊದಲೇ ಅರ್ಜಿ ಹಾಕಬೇಕು. ಇದರ ಮುಕ್ತ್ಯಾರ್‌ಕಿಯನ್ನು, ಅಂದರೆ ಪೂರ್ತಿ ಅಧಿಕಾರವನ್ನು, ಮನ್ಮಥಪ್ಪನಿಗೆ ಕೊಟ್ಟಿದ್ದಾರೆ, ಯಾಕೆಂದರೆ ಉದಗೀರದ ಸಾಹೇಬರಿಗೂ ಅವನಿಗೂ ಭಾಳ ಸಲಿಗೆ.

ಮರುದಿನ ಬೆಳಗಿಗೆ ಕುರುಬರ ಅಮೋಘಸಿದ್ಧ ಕಂಬಳಿ ಹೊದ್ದು ಬಾಗಿಲಿಗೆ ಬಂದು ಕೂತಿದ್ದ.

“ಸಾಹುಕಾರ್ರೇ, ನನ್ನ ಕುರಿ ಮುಂಬಯ್ಯಾಗ ಮೇಯ್ತಾವ, ಮೈಸೂರಾಗ ನೀರು ಕುಡೀತಾವ. ರಾತ್ರಿ ಯಾವ ಸರಕಾರದಾಗ ಮಲಗಸ್ಲಿ, ನೀವೇ ಹೇಳ್ರಿ.”

“ಏ ಮಾರಾಯಾ, ಅದು ಸರಹದ್ದಲ್ಲೋ! ಆಡಿಗಿ ಹಾಕೀನಿ, ಆಡಿಗಿ!”

ಅಮೋಘಸಿದ್ಧ ನಕ್ಕ. ಹುಟ್ಟಿದಾಗಿನಿಂದ ಆಡು ಕುರಿಯ ನಡುವೆ ಬೆಳೆದವನು ಆತ. “ಹೌದ್ರೀ ಹೌದು. ಆಡಿಗಿ. ಆಡಿಗಿ ಯಾರರೇ ಕೆಳಗಿನ ತಾರು ಮೊಣಕಾಲಮಟಾ ಬಿಗೀತಾರೇನ್ರೀ? ದೊಡ್ಡೋರು ಹೇಳಬಾರದ್ದು ಇರ್ತದ, ತಿಳೀತದ ನನಗ. ಒಂದು ಬಾಗಿಲಾ ಇಡ್ರಿ. ಸಣ್ಣದು. ಕುರಿ ಹಾಯೋವಷ್ಟು.”

ಹೇಳಿ, ಕಂಬಳಿಯೊಳಗಿಂದ ಒಂದು ಕುಂಬಳಕಾಯಿ ತೆಗೆದು ಕಟ್ಟೆಯ ಮೇಲಿಟ್ಟ.

ಇಲ್ಲಿ ಮನ್ಮಥಪ್ಪ ಕುಂಬಳಕಾಯಿಯನ್ನು ಹಿಂದಕ್ಕೆ ಕೊಟ್ಟಿದ್ದರೆ ಈ ಕಥೆಯನ್ನು ಬರೆಯುವ ತೊಂದರೆ ನಮಗಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಅವನ ಬಾಗಿಲಿಗೆ ಯಾರೂ ಅರ್ಜಿ ಹಿಡಿದು ಬಂದಿರಲಿಲ್ಲ. ಆತ ಗಂಟಲು ಸರಿಮಾಡಿಕೊಂಡ. ಆಕಾಶ ನೋಡಿದ. ಆಮೇಲೆ, ದಫ್ತರದ ದೊಡ್ಡ ಸಾಹೇಬರು ಹೇಳುವ ಹಾಗೆ, “ನೋಡೂಣು,” ಎಂದ.

ಅದೊಂದು ಮಾತಿಗೆ ಊರಿಗೆ ಪೂರ್ತಿ ಖಾತ್ರಿಯಾಯಿತು. ಆಡಿಗೆ ಬೇಲಿ ಹಾಕಿದವನು ‘ನೋಡೂಣು’ ಎಂದು ಯಾಕೆ ಅಂದಾನು?

ಆಮೇಲೆ ಅರ್ಜಿಗಳ ಜಾತ್ರೆ. ಬೀಳಿನಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಆದ ಕಾಲುದಾರಿ ಇತ್ತು, ಅದು ತಾತನ ಕಾಲದ್ದು. ಬಾಜೂದವನ ದಾರಿಯಲ್ಲಿ ಹೋಗುವುದು ಮರ್ಯಾದೆಗೆ ಕಡಿಮೆ. ಮಾಳಮ್ಮನಿಗೆ ಮಗಳ ಮನೆಗೆ ನೇರ ಹೋಗುವ ಬಾಗಿಲು. ಮನೆ ಕಟ್ಟುವ ಗೌಂಡಿಗೆ ಬಾವಿಯ ಕಡೆಗೊಂದು. ಪೂಜಾರಿಗೆ ಮೂಡಣ ದಿಕ್ಕಿಗೇ ಬೇಕು. ತುಪ್ಪ ಬಂತು, ಹೀರೇಕಾಯಿ ಬಂತು, ಹಸೀ ಸೇಂಗಾ ಬಂತು. ಮನ್ಮಥಪ್ಪ ಒಬ್ಬೊಬ್ಬರಿಗೂ ನೋಡೂಣು ಎಂದು, ನೋಡಿ, ತಂತಿ ಕತ್ತರಿಸಿ, ಕಟ್ಟಿಗೆಯ ಬಾಗಿಲು ಕಟ್ಟಿಸಿಕೊಟ್ಟ.

“ನಾಚಿಕಿ ಬರಲ್ದೇನ್ರೀ?” ಎಂದಳು ಶೇವಂತಾಬಾಯಿ, ಏಳನೆಯದೋ ಎಂಟನೆಯದೋ ಕುಂಬಳಕಾಯಿ ಹೆಚ್ಚುತ್ತ. “ಬೇಲಿ ಹಾಕಿದ್ದು ಆಡು ಹೊರಗ ಹೋಗಬಾರದಂತ. ನೀವು ಮಂದಿಗಿ ಬಾಗಿಲಾ ಹಂಚ್ಕೋತ ಕುಂತೀರಿ. ಮನ್ಯಾಗ ಒಂದು ಕಿಡಕಿ ಇಡ್ರಿ ಅಂದ್ರ ಹತ್ತು ವರ್ಷ ಆತು, ಗ್ವಾಡಿ ಹಂಗೇ ಅದ.”

“ಸಾರ್ವಜನಿಕ ಕೆಲಸದಾಗ ಹೆಣ್ಮಕ್ಕಳು ಬಾಯಿ ಹಾಕಬಾರದು.”

“ಹಂಗಾರ ಈ ಸಾರ್ವಜನಿಕ ಕುಂಬಳಕಾಯಿ ನೀವೇ ಹೆಚ್ಚ್ರಿ.”

ಸುದ್ದಿ ದಫ್ತರಕ್ಕೂ ಹೋಯಿತು, ಒಂದಲ್ಲ ಎರಡಕ್ಕೆ. ಮುಂಬಯಿ ಕಡೆಯಿಂದ ದಿಗಂಬರರಾವ ಗಿರದಾವರರು, ಅಂದರೆ ಕಂದಾಯದ ಅಧಿಕಾರಿಗಳು, ಸೈಕಲ್ಲಿನ ಮೇಲೆ ಬಂದರು. ಮೈಸೂರು ಕಡೆಯಿಂದ ಅಮೃತಪ್ಪ ಗಿರದಾವರರು ತಟ್ಟು ಕುದುರೆಯ ಮೇಲೆ ಬಂದರು. ಇಬ್ಬರೂ ಮೊನ್ನೆ ಮೊನ್ನೆಯ ತನಕ ಬೀದರದ ಒಂದೇ ದಫ್ತರದಲ್ಲಿ, ಒಂದೇ ಮೇಜಿಗೆ ಎದುರುಬದುರು ಕೂತವರು. ವಾಟಣಿಯಲ್ಲಿ ಮೇಜು ಮೈಸೂರಿಗೆ ಉಳಿದು ಕುರ್ಚಿ ಮುಂಬಯಿಗೆ ಬಂದಿತ್ತು ಎಂದು ಹೇಳುತ್ತಾರೆ.

ತಂತಿಯ ಆಚೀಚೆ ನಿಂತು ಇಬ್ಬರೂ ಕೆಮ್ಮಿದರು. ಈ ಬೇಲಿಯ ವಿಷಯ ತಮ್ಮ ದಫ್ತರಕ್ಕೆ ಗೊತ್ತೇ ಇಲ್ಲ ಎಂಬುದನ್ನು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳುವಂತಿರಲಿಲ್ಲ.

“ರಾಮ ರಾಮ ಅಮೃತಪ್ಪಾ! ವಾಹ್ವಾ, ಕಾಮ ಚಾಂಗಲಂ ಝಾಲಂ,” ಎಂದರು ದಿಗಂಬರರಾವ. “ಕೆಲಸ ಚೊಲೋ ಆತು. ನಿಮ್ಮ ಸರಕಾರ ಭಾಳ ಚುರುಕ ಅದ ಬಿಡ್ರಿ.”

ಅಮೃತಪ್ಪ ಗಿರದಾವರರು ಒಂದು ಕ್ಷಣ ತಂತಿ ನೋಡಿದರು. “ನಮ್ಮದಾ? ಹಾಂ, ಹಾಂ. ಅಂದ್ರ ಎರಡೂ ಸರಕಾರ ಕೂಡೇ ಮಾಡ್ಯಾವಲ್ಲಾ. ನಿಮಗ ಹುಕುಮ್ ಬಂದಿರಬೇಕಲ್ಲ?”

“ಬಂದಿತ್ತು, ಬಂದಿತ್ತು! ನಿಮಗ?”

“ನಮಗ ನಿಮಗಿಂತ ಮೊದಲೇ ಬಂದಿತ್ತು.”

ಮನ್ಮಥಪ್ಪನಿಗೆ ಈಗ ಮೊದಲ ಸಲ ಹೆದರಿಕೆಯಾಯಿತು. ಕೈ ಮುಗಿದು ನಡುವೆ ಬಂದ. “ಸಾಹೇಬ್, ತಪ್ಪು ತಿಳ್ಕೋಬ್ಯಾಡ್ರಿ. ಇದು ನಂದು. ನಾ ಹಾಕಿದ್ದು. ಆಡಿಗಿ.”

“ಸುಮ್ನಿರ್ರೀ,” ಎಂದರು ಇಬ್ಬರೂ ಒಮ್ಮೆಗೇ. ರಾಜ್ಯ ಬೇರೆಯಾದ ಮೇಲೆ ಎರಡೂ ದಫ್ತರ ಒಂದೇ ಮಾತು ಆಡಿದ್ದು ಅದೇ ಮೊದಲು. “ಸರಕಾರಿ ಮಾತು ನಡದಾದ. ಆಡಂತ ಆಡು!”

“ನನ್ನ ಹೊಲ, ನನ್ನ ತಾರು, ಸಾಹೇಬ್!”

“ಮತ್ತ ಬಾಗಿಲಾ ಇಡ್ಲಿಕ್ಕಿ ಮಂದಿ ನಿಮ್ಮ ಕಡಿ ಯಾಕ ಅರ್ಜಿ ತರ್ತಾರ?” ಎಂದು ಅಮೃತಪ್ಪ ಗಿರದಾವರರು ಕೇಳಿದರು. ಮನ್ಮಥಪ್ಪನಿಗೆ ಅಡಿಗೆ ಮನೆಯ ಮೂಲೆಯ ಕುಂಬಳಕಾಯಿಗಳು ನೆನಪಾದವು.

“ಮತ್ತ ಒಂದು ಮಾತು,” ಎಂದರು ದಿಗಂಬರರಾವ. “ಸರಹದ್ದಿನ ಹಂತ್ಯಾಕ ಆಡು ಗೀಡು ಬಿಡಬ್ಯಾಡ್ರಿ. ತಾರಿಗಿ ಧಕ್ಕಾ ಆದ್ರ ನಿಮಗೇ ತ್ರಾಸ. ಮನ್ಯಾಗ ಕಟ್ಟಿಡ್ರಿ.”

ಹೀಗೆ ಆಡಿಗಾಗಿ ಹಾಕಿದ ಬೇಲಿಯ ಹತ್ತಿರ ಆಡು ಬರಬಾರದು ಎಂಬ ಹುಕುಮ್ ಆಯಿತು. ಬೇಲಿಯ ಕೆಲಸ ಮುಗಿಯುವ ತನಕ ಎಂದು ಕೊಟ್ಟಿಗೆಯಲ್ಲಿ ಕಟ್ಟಿದ್ದ ಬೇಗಮ್ಮಳ ಸವಾರಿ ಈಗ ಅಂಗಳದ ಗೂಟಕ್ಕೆ ಬಂತು. ಅಲ್ಲಿಯೇ ನಿಂತು ಒಣಹಾಕಿದ ಧೋತರ ತಿಂದಳು. ಹೋಗುವ ಮೊದಲು ದಿಗಂಬರರಾವ ಮನ್ಮಥಪ್ಪನನ್ನು ಹುಣಸೇಗಿಡದ ಹಿಂದೆ ಕರೆದು, ತಮ್ಮ ಸಾಸರವಾಡಿ, ಅಂದರೆ ಹೆಂಡತಿಯ ತವರು, ಹುಣಸನಾಳವೆಂದೂ, ಒಂದು ಬಾಗಿಲು ಆ ಕಡೆ ಸೈಕಲ್ ಹಾಯುವಷ್ಟು ಇದ್ದರೆ ಅನುಕೂಲವೆಂದೂ ಹೇಳಿದರು. ಅದಾದ ತುಸು ಹೊತ್ತಿಗೆ ಅದೇ ಗಿಡದ ಹಿಂದೆ ಅಮೃತಪ್ಪ ಗಿರದಾವರರು, ಚಿಂಚನಾಳದ ವೀಳ್ಯದೆಲೆಯ ರುಚಿ ಮೈಸೂರಿನ ಎಲೆಗೆ ಬರುವುದಿಲ್ಲ ಎಂದು ಸುರುಮಾಡಿದರು.

ಈ ಗದ್ದಲದಲ್ಲಿ ಒಬ್ಬ ಮಾತ್ರ ಬಾಗಿಲು ಕೇಳಲು ಬರಲಿಲ್ಲ. ಗುರುಲಿಂಗಪ್ಪ. ದಸರೆಗೆ ಎರಡೂ ಊರಿನವರು ಬನ್ನಿ ಎಲೆ ಹಂಚಿಕೊಂಡು, ಬಂಗಾರದಂಗ ಇರೂಣು ಎಂದು ಹೇಳಿಕೊಳ್ಳುವುದುಂಟು. ಮುನಿಸಿಕೊಂಡವರೂ ಅವತ್ತು ಬಂದು ಕೈ ಹಿಡಿಯುತ್ತಾರೆ. ಅವತ್ತೂ ಗುರುಲಿಂಗಪ್ಪ ಬರಲಿಲ್ಲ. ಮರುದಿನ ಮಾಳಮ್ಮ ಬಂದು, “ಸಾಖರಪುಡಾ ನಿಂತದಂತ್ರೀ. ನಿಮ್ಮ ಬೀಗರು ಒಂದು ಮಾತೂ ಆಡಲ್ರು,” ಎಂದಳು.

ಕಸ್ತೂರಬಾಯಿ ಕೊಡ ಕೆಳಗಿಟ್ಟು ಒಳಗೆ ಹೋದಳು. ಅವತ್ತಿನಿಂದ ಆಕೆ ಊರ ಒಳಗಿನ ಬಾವಿಯ ನೀರೇ ತರತೊಡಗಿದಳು. ಶೇವಂತಾಬಾಯಿ ಗಂಡನ ತಾಟಿಗೆ ಕುಂಬಳಕಾಯಿಯ ಪಲ್ಯ ಬಡಿಸಿ, “ಉಣ್ರಿ,” ಎಂದಳು. “ಮಗಳ ಲಗ್ನದ ಊಟ ಇದೇ ಅದ.”

ಆವರೆಗೆ ನೋಡೂಣು ನೋಡೂಣು ಎನ್ನುತ್ತಿದ್ದವನಿಗೆ ಈಗ ಕಣ್ಣೆದುರು ಏನೂ ಕಾಣಿಸಲಿಲ್ಲ. ರುಮಾಲು ಸುತ್ತಿ, ಬೀಳಿಗೆ ಹೋಗಿ, ತಂತಿಯ ಈಚೆ ನಿಂತು ಬೀಗನನ್ನು ಕೂಗಿದ. ಗುರುಲಿಂಗಪ್ಪ ತೊಗರಿಯಿಂದೆದ್ದು ಆಚೆ ನಿಂತ. ಎರಡೂ ಊರಿನವರು, ಎರಡು ರಾಜ್ಯಗಳ ಮಾತುಕತೆ ಕೇಳುವ ಆಸೆಯಿಂದ, ಅವರವರ ಬಾಗಿಲಿನ ಹತ್ತಿರ ಬಂದು ನಿಂತರು.

ಮನ್ಮಥಪ್ಪ ದಾರಿಯುದ್ದಕ್ಕೂ ಭಾಷಣ ಕಟ್ಟಿಕೊಂಡು ಬಂದಿದ್ದ. “ಬೀಗರೇ, ಸರಕಾರ ಎರಡಾದ್ರ ಏನಾತು? ಅಲ್ಲೂ ಬಸವಣ್ಣಾ, ಇಲ್ಲೂ ಬಸವಣ್ಣಾ. ನೀವು ಮೈಸೂರಾಗ್ರಿ, ನಾವು ಮುಂಬಯಿ ಆಗ್ತೀವಿ, ಆದ್ರ ನಮ್ಮ ನಿಮ್ಮ ಮನಸ್ಸಿನಾಗ...”

“ಸರಕಾರದ ಮಾತು ಯಾರ ಆಡ್ಯಾರ?” ಎಂದ ಗುರುಲಿಂಗಪ್ಪ.

“ಮತ್ತ?”

“ಹೋದ ವರ್ಷ ಬದುವಿನ ಹುಲ್ಲು ಯಾರ ಕೊಯ್ದ್ರು?”

“ನಾವು ಕೊಯ್ದ್ವಿ.”

“ಈ ವರ್ಷ ಯಾರ್ದು?”

ಮನ್ಮಥಪ್ಪ ಬದು ನೋಡಿದ. ಸುಣ್ಣದ ಕಲ್ಲು ನೋಡಿದ. ಮಿಲ್ಟ್ರಿ ತಾರು ನೋಡಿದ. ತಾರಿನ ಒಳಗೆ, ತನ್ನ ಕಾಲ ಹತ್ತಿರ, ಮೊಣಕಾಲಿಗೆ ಬಂದು ತೂಗುತ್ತಿದ್ದ ಹುಲ್ಲು ನೋಡಿದ.

“ನಿಮ್ದು,” ಎಂದ, ಸಣ್ಣ ದನಿಯಲ್ಲಿ.

“ಮಂದಿಗೆಲ್ಲಾ ಬಾಗಿಲಾ ಕೊಟ್ರಿ. ಗೌಂಡಿಗಿ ಕೊಟ್ರಿ, ಕುರಿಗಿ ಕೊಟ್ರಿ, ಸೈಕಲ್ಲಿಗಿ ಕೊಟ್ರಿ! ಬೀಗನ ಪಾಲಿನ ಹುಲ್ಲು ಮಾತ್ರ ಒಳಗ ಹಾಕ್ಕೊಂಡು ತಾರು ಬಿಗದ್ರಿ. ನಮ್ಮಜ್ಜಾ ನಿಮ್ಮಜ್ಜಾ ನಿಜಾಮನ ಕಾಲದಾಗ ಮಾಡಲಾರದ್ದು ನೀವು ಸುಧಾರಿಸಿ ಮಾಡಿದ್ರಿ!”

ಜನರಲ್ಲಿ ದೊಡ್ಡ ನಿರಾಶೆ ಹರಡಿತು. “ಇಷ್ಟೇ ಏನ್ರೀ?” ಎಂದಳು ಮಾಳಮ್ಮ. “ಹುಲ್ಲಾ? ನಾ ಮುಂಜಾನಿಂದ ಉಪಾಸ ನಿಂತೀನಿ.”

ಮನ್ಮಥಪ್ಪ ಅಲ್ಲಿಯೇ ತಂತಿ ಕತ್ತರಿಸಿದ. ಆದರೆ ಎಲ್ಲರ ಹಾಗೆ ತನಗೊಂದು ಕಟ್ಟಿಗೆ ಬಾಗಿಲು ಗುರುಲಿಂಗಪ್ಪನಿಗೆ ಒಪ್ಪಿಗೆಯಾಗಲಿಲ್ಲ. ಬೀಗನೆಂದರೆ ಕುರಿಯೇ? ಬಂಡಿ ಹಾಯಬೇಕು, ಹಲಗಿ ಬಾರಿಸುವವರು ಸಾಲಾಗಿ ನಡೆಯಬೇಕು. ಆದ್ದರಿಂದ ಮೂರು ಕಲ್ಲು ಕಿತ್ತು ಅಗಲವಾದ ಬೀಗರ ಬಾಗಿಲು ಆಯಿತು. ಅದಾದ ಮೇಲೆ ಲೆಕ್ಕ ಹಾಕಿದರೆ ಆ ಮಗ್ಗುಲಿಗೆ ಬೇಲಿಗಿಂತ ಬಾಗಿಲೇ ಹೆಚ್ಚು ಉಳಿದವು. ಗುರುಲಿಂಗಪ್ಪ ಹುಲ್ಲು ಕೊಯ್ಯಲು ಆಳು ಹಚ್ಚಿ, ಹೋಗುವಾಗ ತಿರುಗಿ ನಿಂತ.

“ಹುಲ್ಲಿನ ಮಾತು ಮುಗೀತು, ಬೀಗರೇ. ತೊಗರಿ ಮಾತು ಮುಗದಿಲ್ಲ. ಆಡು ತೊಗರ್ಯಾಗ ಬಂತಂದ್ರ ನಮ್ಮದು ಹಳೇ ಮಾತೇ.”

ಸಾಖರಪುಡಾದ ದಿನ ಬಂತು. ಅಂಗಳದಲ್ಲಿ ಜಮಖಾನೆ ಹಾಸಬೇಕು, ಗೂಟದ ಹತ್ತಿರ ಬೇಗಂ ಜಮಖಾನೆಯ ಅಂಚಿನ ರುಚಿ ನೋಡುತ್ತಿದ್ದಾಳೆ. “ಇವತ್ತೊಂದಿನ ಇವನ್ನ ಬೀಳಿಗಿ ಬಿಡ್ರಿ,” ಎಂದಳು ಶೇವಂತಾಬಾಯಿ. “ಇಬ್ರೂ ಸಾಹೇಬ್ರು ಊಟಕ್ಕ ಬರೋರೇ ಅದಾರ, ಬ್ಯಾಡನ್ನಾಂಗಿಲ್ಲ.”

ಬೇಲಿ ಹಾಕಿದ ಮೇಲೆ ಆಡು ಬೇಲಿಯನ್ನು ಕಂಡದ್ದು ಅದೇ ಮೊದಲು. ಮನ್ಮಥಪ್ಪ ಒಂದೊಂದು ಬಾಗಿಲನ್ನೂ ಹಗ್ಗದಿಂದ ಬಿಗಿದು, ಬೀಗರ ಬಾಗಿಲನ್ನು ಮಾತ್ರ ತೆರೆದಿಟ್ಟು, ಅದರ ನಡುವೆ ತಾನೇ ಕೋಲು ಹಿಡಿದು ನಿಂತ. ಬೇಗಂ ಬಂದಳು. ತೆರೆದ ಬಾಗಿಲು ನೋಡಿದಳು. ಅದು ತನ್ನ ಘನತೆಗೆ ತಕ್ಕದ್ದಲ್ಲ ಎಂಬಂತೆ ಮುಖ ತಿರುಗಿಸಿದಳು.

ಆಚೆಯಿಂದ ಹಲಗಿ ಕೇಳಿಸಿತು. ಗುರುಲಿಂಗಪ್ಪ ಮುಂದೆ, ಹಿಂದೆ ಸಕ್ಕರೆಯ ತಾಟು ಹೊತ್ತ ಹೆಂಗಸರು, ವೀರಭದ್ರ ಹೊಸ ಟೊಪ್ಪಿಗೆಯಲ್ಲಿ. ಶೇವಂತಾಬಾಯಿ ಕಾಲಿಗೆ ನೀರು ಹಾಕಲು ತಂಬಿಗೆ ಹಿಡಿದು ಬಂದಳು. ಇಬ್ಬರು ಗಿರದಾವರರೂ ರಾಜ್ಯಗಳ ಪರವಾಗಿ ಹಾಜರಿದ್ದರು. ಬೀಗರು ಬಾಗಿಲೊಳಗೆ ಬಲಗಾಲಿಡುವುದಕ್ಕೂ, ಬೇಗಂ ಬಾಜೂಕ್ಕೆ ಹೋಗಿ, ಮೊಣಕಾಲೂರಿ, ಸೂರ್ಯಕಾಂತ ಶೆಟ್ಟಿಯ ಜಬಾಬ್ದಾರಿಯ ಕೆಳಗಿನ ತಾರಿನಡಿ ನುಸುಳಿ ಆಚೆ ಏಳುವುದಕ್ಕೂ ಸರಿಹೋಯಿತು. ಹಿಂದೆಯೇ ಉಳಿದೆರಡೂ ನುಸುಳಿದವು. ಬೆನ್ನಿನ ಒಂದು ಕೂದಲೂ ಮುಳ್ಳಿಗೆ ಹತ್ತಲಿಲ್ಲ.

ಹಲಗಿ ನಿಂತಿತು.

ಗುರುಲಿಂಗಪ್ಪ ಎತ್ತಿದ ಕಾಲನ್ನು ಹಾಗೆ ಎತ್ತಿಯೇ ಹಿಡಿದ. ಅವನಿಗೂ ಕಾಲು ಊರುವ ಮನಸ್ಸಿತ್ತು. ಆದರೆ ಹತ್ತು ಮಂದಿಯ ಎದುರಿಗೆ ಆಡಿದ ಮಾತು. ಊರಿದರೆ ಮಾತು ಹೋಯಿತು, ಊರದಿದ್ದರೆ ಸೊಸೆ ಹೋದಳು.

“ಬೀಗರೇ,” ಎಂದಳು ಶೇವಂತಾಬಾಯಿ. ತಂಬಿಗೆ ಕೆಳಗಿಟ್ಟಿರಲಿಲ್ಲ. “ಆಡು ತೊಗರ್ಯಾಗ ಹೋಗ್ಯಾವೇನ್ರೀ? ಕಣ್ಣಾರೆ ನೋಡ್ರಿ.”

ಎಲ್ಲರೂ ನೋಡಿದರು. ಬೇಗಂ ತೊಗರಿಯ ಕಡೆ ಇನ್ನೂ ಹೋಗಿರಲಿಲ್ಲ. ತಾರಿನ ಮಗ್ಗುಲಲ್ಲೇ ಕೊಯ್ದು ಒಟ್ಟಿದ್ದ ಬದುವಿನ ಹುಲ್ಲಿನ ಬಣವೆಗೆ ಬಾಯಿ ಹಾಕಿದ್ದಳು.

“ಅದು ಯಾರ ಹುಲ್ಲು?”

“ನಮ್ದು,” ಎಂದ ಗುರುಲಿಂಗಪ್ಪ, ಒಂಟಿ ಕಾಲಿನ ಮೇಲೆ. “ಈ ವರ್ಷ ನಮ್ದು.”

“ನಿಮ್ಮ ಹುಲ್ಲು ತಿಂದವು ನಿಮ್ಮವೇ ಆದವು. ನಾವು ಹುಡುಗಿ ಸಂಗಾಟ ಕೊಡಬೇಕಂತ ಮಾಡಿದ್ವಿ, ಅವು ತಡೀಲಿಲ್ಲ, ಮೊದಲೇ ಹೋದವು. ಒಯ್ರಿ. ಮೂರೂ ಒಯ್ರಿ.”

“ಬರೋಬರ್,” ಎಂದರು ಅಮೃತಪ್ಪ ಗಿರದಾವರರು. “ಮೈಸೂರಾಗ ಬಂದಾವ, ಮೈಸೂರಿಗೇ ಸೇರಿದವು.”

“ಮುಂಬಯಿ ತಕರಾರ ನಾಹೀ,” ಎಂದರು ದಿಗಂಬರರಾವ. ಮನೆಯ ಕಡೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

ಕೊಟ್ಟ ಮಾತು ಉಳಿಯಿತು, ಮೇಲೆ ಮೂರು ಆಡೂ ಸಿಕ್ಕವು. ಗುರುಲಿಂಗಪ್ಪ ಕಾಲು ಊರಿದ. ಹಲಗಿಯವರು ಬಡಿದ ಬಡಿತಕ್ಕೆ ತೊಗರಿಯ ಹಕ್ಕಿಗಳೆಲ್ಲ ಎದ್ದು ಹೋದವು. ಸಕ್ಕರೆ ಹಂಚಿದರು. ಕಸ್ತೂರಬಾಯಿ ಮರುದಿನದಿಂದ ಮತ್ತೆ ದೂರದ ಬಾವಿಗೆ ಹೋಗತೊಡಗಿದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಶೇವಂತಾಬಾಯಿಯ ಮುಖದ ಮೇಲೆ, ಆಡು ಮನೆಗೆ ಬಂದಾಗಿನಿಂದ ಕಾಣದ ಒಂದು ಶಾಂತಿ ಇತ್ತು.

ಆದರೆ ಬೇಗಮ್ಮಳಿಗೆ ಹುಣಸನಾಳದ ತೊಗರಿ ಈಗ ರುಚಿಸಲಿಲ್ಲ. ಮನೆಯದಾದ ಮೇಲೆ ಏನು ರುಚಿ? ದಿನಾ ಸಂಜೆ ಅದೇ ತಾರಿನಡಿ ನುಸುಳಿ ಈಚೆ ಬಂದು, ಬೀಳು ದಾಟಿ, ಮನ್ಮಥಪ್ಪನ ಹಿಂಗಾರಿ ಜೋಳದೊಳಗೆ ನಿಲ್ಲತೊಡಗಿದಳು. ಮನ್ಮಥಪ್ಪ ಎಷ್ಟು ದಿನ ತಡೆದಾನು? ಕಡೆಗೆ ರುಮಾಲು ಸುತ್ತಿಕೊಂಡು ಹುಣಸನಾಳಕ್ಕೆ ಹೋಗಿ, ಚಹಾ ಕುಡಿದು, ಮರ್ಯಾದೆಯಿಂದ ಹೇಳಿದ: “ಬೀಗರೇ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಆಡು ನನ್ನ ಜ್ವಾಳದಾಗ...”

ಗುರುಲಿಂಗಪ್ಪ ಮಾನವಂತ. ಮರುದಿನವೇ ಉದಗೀರದ ಬಸ್ಸು ಹತ್ತಿದ. ಸೂರ್ಯಕಾಂತ ಶೆಟ್ಟಿಯ ಹಿಂದಿನ ಕೋಣೆಯಲ್ಲಿ ಇನ್ನೂ ಸುರುಳಿಗಳಿದ್ದವು, ಗಾದಿಯ ಮೇಲೆ ವಿಭೂತಿ ಬಡಿದುಕೊಂಡ ಹಿರಿಯರೂ ಇದ್ದರು. “ಯಾವ ಜನಾವರಕ್ಕ?” ಎಂದು ಶೆಟ್ಟಿ ಕೇಳಿದ. ಗುರುಲಿಂಗಪ್ಪ ಹಿರಿಯರನ್ನು ನೋಡಿ, ಗಂಟಲು ಸರಿಮಾಡಿಕೊಂಡು, “ಜನಾವರಕ್ಕ,” ಎಂದ.

ಆ ವಾರದಲ್ಲಿ ಬದುವಿನ ಆಚೆ ಇನ್ನೊಂದು ಸಾಲು ಕೆಂಪು ಬಾವುಟ ಎದ್ದವು, ಬಿಳೀ ಕಲ್ಲು ನಿಂತವು. ಮಾಳಮ್ಮ ಹೊರೆ ಒಗೆದು ಓಡಿದಳು: ಈ ಸಲ ಮೈಸೂರು ಸರಕಾರ ಹಾಕುತ್ತಿದೆ! ಮನ್ಮಥಪ್ಪನ ಬಾಗಿಲುಗಳೆಲ್ಲ ಆಚೆಯ ತಾರಿಗೆ ಹೋಗಿ ಮುಟ್ಟಿ ನಿಂತವು, ಬೀಗರ ಬಾಗಿಲು ಕೂಡ.

ಲಗ್ನ ಮುಂದಿನ ತಿಂಗಳಿಗಿತ್ತು. ಮಗಳ ದಿಬ್ಬಣ ಆ ಕಡೆ ಹೋಗಬೇಕು. ಬೆಳಗಿಗೆ ಎದ್ದು ಮನ್ಮಥಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಡಿಗೆ ಮನೆಯ ಮೂಲೆಯಲ್ಲಿ ಉಳಿದಿದ್ದ ಕುಂಬಳಕಾಯಿಗಳನ್ನು ಒಂದೊಂದಾಗಿ ಬಡಿದು ನೋಡತೊಡಗಿದ.

“ಏನ್ ಹುಡಕ್ಲತೀರಿ?” ಎಂದಳು ಶೇವಂತಾಬಾಯಿ.

“ಚೊಲೋದು ಒಂದು,” ಎಂದ. ದೊಡ್ಡದನ್ನೇ ಆರಿಸಿ ಬಗಲಿಗಿಟ್ಟುಕೊಂಡು, ಗುರುಲಿಂಗಪ್ಪನ ಬಾಗಿಲಿಗೆ ಹೋಗಿ, ಅಮೋಘಸಿದ್ಧನ ಹಿಂದೆ ಪಾಳಿಯಲ್ಲಿ ಕೂತ.

ಗುರುಲಿಂಗಪ್ಪ ಒಳಗಿನಿಂದ ಬಂದು ಕುಂಬಳಕಾಯಿ ನೋಡಿದ, ಬೀಗನನ್ನು ನೋಡಿದ, ಆಮೇಲೆ ಆಕಾಶ ನೋಡಿದ.

“ನೋಡೂಣು,” ಎಂದ.